ಫೋನಿನ ಗಿಳಿ ಹಸಿರನ್ನು ಲಗ್ನಪತ್ರಿಕೆಗೆ ಇಳಿಸುವುದು ಹೇಗೆ

ಕೊಪ್ಪಳದಲ್ಲಿ ಲಗ್ನದ ಸೀಸನ್ ಶುರುವಾಯಿತೆಂದರೆ ನನ್ನ ಡಿಟಿಪಿ ಟೇಬಲ್ಲಿನ ಎದುರು ದಿನಕ್ಕೆ ಒಬ್ಬರಾದರೂ ಫೋನ್ ಹಿಡಿದು ನಿಂತು ಒಂದೇ ಮಾತು ಹೇಳುತ್ತಾರೆ: "ಅಣ್ಣಾರ, ಇದ್ರಾಗ ಹೆಂಗ ಕಾಣ್ತೈತಿ, ಪತ್ರಿಕಿನೂ ಹಂಗ ಬರ್ಬೇಕ್ರಿ." ಕೇಳುವುದರಲ್ಲಿ ತಪ್ಪೇನಿಲ್ಲ, ಕಣ್ಣಿಗೆ ಕಂಡದ್ದನ್ನೇ ಕೇಳುತ್ತಾರೆ. ಆದರೆ ಫೋನು ಬಣ್ಣ ಮಾಡುವ ರೀತಿಯೇ ಬೇರೆ, ಕಾಗದದ ರೀತಿ ಅದಕ್ಕೆ ಪೂರ್ತಿ ಉಲ್ಟಾ. ಇದು ಗೊತ್ತಿಲ್ಲದೆ ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ನಾನು ಒಂದು ಲಗ್ನದ ಮನೆಯವರ ಮುಂದೆ ನಿಂತು ಕಲಿತೆ.

ಯಲಬುರ್ಗಾ ಕಡೆಯ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಮಗಳ ಸೀರೆ ಗಿಳಿ ಹಸಿರು, ಪತ್ರಿಕೆಯ ಅಂಚೂ ಅದೇ ಬಣ್ಣ ಬೇಕು ಅಂದರು. ನಾನು ಅವರ ಫೋನನ್ನು ಪಕ್ಕಕ್ಕಿಟ್ಟುಕೊಂಡು ಮಾನಿಟರ್‌ನಲ್ಲಿ ಬಣ್ಣ ಹೊಂದಿಸಿದೆ, ಎರಡೂ ಒಂದೇ ಥರ ಕಂಡವು, ಫೈಲನ್ನು ಪ್ರೆಸ್‌ಗೆ ಕಳಿಸಿಬಿಟ್ಟೆ. 500 ಪತ್ರಿಕೆ ಬಂದವು. ಅಂಚು ಬಾಡಿದ ಪಾಲಕ್ ಸೊಪ್ಪಿನ ಹಾಗಿತ್ತು. ಹಿರಿಯರು ಸಿಟ್ಟಾಗಲಿಲ್ಲ. ಒಂದು ಪತ್ರಿಕೆ ಎತ್ತಿಕೊಂಡು, ಅಂಚಿನ ಮೇಲೆ ಹೆಬ್ಬೆರಳು ಸವರಿ, "ಹೊಳೀವಲ್ದಲ್ಲೋ ತಮ್ಮಾ" ಅಂದರು. ಮತ್ತೆ ಹಾಕಿಸುವಷ್ಟು ದಿನ ಉಳಿದಿರಲಿಲ್ಲ, ಅದನ್ನೇ ಹಂಚಿದರು. ಅವತ್ತಿನಿಂದ ನಾನು ಈ ಬಣ್ಣದ ಹಿಂದೆ ಬಿದ್ದೆ. ಡಿಸೈನ್ ಮಾಡುವವರಿಗೂ, ದುಡ್ಡು ಕೊಟ್ಟು ಮಾಡಿಸುವವರಿಗೂ ಉಪಯೋಗವಾಗಲಿ ಅಂತ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಹನಿ ನೀರು

ಓದುತ್ತಿರುವ ಫೋನಿನಲ್ಲೇ ಒಂದು ಪೂರ್ತಿ ಬಿಳಿ ಪುಟ ತೆಗೆಯಿರಿ. ಬ್ರೈಟ್‌ನೆಸ್ ಜಾಸ್ತಿ ಮಾಡಿ. ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ, ಸಾಸಿವೆ ಕಾಳಿನಷ್ಟೇ ಸಣ್ಣ ಹನಿಯನ್ನು ಪರದೆಯ ನಡುವೆ ಇಡಿ (ಚಾರ್ಜಿಂಗ್ ತೂತಿನ ಹತ್ತಿರ ಬೇಡ). ಹನಿ ಉಬ್ಬಿರುತ್ತದಲ್ಲ, ಅದೇ ಲೆನ್ಸ್ ಆಗುತ್ತದೆ. ಈಗ ಹನಿಯ ಒಳಗೆ ನೋಡಿ. ಬಿಳಿ ಇರುವುದಿಲ್ಲ. ಕೆಂಪು, ಹಸಿರು, ನೀಲಿ ಕಾಳುಗಳು ಸಾಲಾಗಿ ಹೊಳೆಯುತ್ತಿರುತ್ತವೆ. ಫೋನಿನಲ್ಲಿ ಕಾಳು ತೀರಾ ಸಣ್ಣದಾಗಿ ಸರಿಯಾಗಿ ಕಾಣದಿದ್ದರೆ ಹಳೆಯ ಟಿವಿ ಅಥವಾ ಮಾನಿಟರ್ ಹತ್ತಿರ ಹೋಗಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸ್ ಇಟ್ಟು ನೋಡಿ. ಪಟ್ಟಿ ಪಟ್ಟಿಯಾಗಿ ಕಾಣುತ್ತದೆ.

ಪರದೆಯ ಹತ್ತಿರ ಇರುವ ಬಣ್ಣ ಈ ಮೂರೇ. ಬೇರೆ ಯಾವ ಬಣ್ಣವೂ ಅದರಲ್ಲಿಲ್ಲ. ಒಂದೊಂದು ದೀಪವನ್ನೂ ಸೊನ್ನೆಯಿಂದ 255ರ ತನಕ, ಅಂದರೆ 256 ಹಂತಗಳಲ್ಲಿ ಜಾಸ್ತಿ ಕಡಿಮೆ ಮಾಡಬಹುದು. ಮೂರನ್ನೂ ಕೂಡಿಸಿದರೆ 1,67,77,216 ಬಣ್ಣ. ಡಬ್ಬಿಯ ಮೇಲೆ 1.6 ಕೋಟಿ ಬಣ್ಣ ಅಂತ ಬರೆಯುತ್ತಾರಲ್ವಾ, ಆ ಲೆಕ್ಕ ಬಂದದ್ದು ಇಲ್ಲಿಂದಲೇ. ಮೂರೂ ಪೂರ್ತಿ ಉರಿದರೆ ಬಿಳಿ, ಮೂರೂ ಆರಿದರೆ ಕಪ್ಪು. ಆರ್‌ಜಿಬಿ (ರೆಡ್, ಗ್ರೀನ್, ಬ್ಲೂ) ಅಂದರೆ ಇಷ್ಟೇ.

ಈಗ ನಮ್ಮ ಕನ್ನಡ ಬಾವುಟವನ್ನು ಪರದೆಯ ಮೇಲೆ ತನ್ನಿ. ಮೇಲೆ ಹಳದಿ, ಕೆಳಗೆ ಕೆಂಪು. ಕೆಂಪು ಪಟ್ಟಿಗೆ ಕೆಂಪು ದೀಪ ಒಂದೇ ಸಾಕು. ಹಳದಿ ಪಟ್ಟಿಗೆ ಮಾತ್ರ ಕೆಂಪು, ಹಸಿರು ಎರಡೂ ಉರಿಯಬೇಕು. ಅಂದರೆ ಕೆಂಪು ದೀಪ ಬಾವುಟದ ತುಂಬಾ ಉರಿಯುತ್ತಿದೆ, ಹಸಿರು ಮೇಲಿನ ಅರ್ಧದಲ್ಲಿ ಮಾತ್ರ ಉರಿಯುತ್ತಿದೆ, ನೀಲಿ ಎಲ್ಲೂ ಇಲ್ಲ. ಹಳದಿಯ ಮೇಲೆ ನೀರಿನ ಹನಿ ಇಟ್ಟು ನೋಡಿ, ಒಂದೇ ಒಂದು ಹಳದಿ ಕಾಳೂ ಸಿಗುವುದಿಲ್ಲ. ಮೊದಲ ಸಲ ನೋಡಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ.

ಹಾಗಾದರೆ ಹಳದಿ ಬಂತೆಲ್ಲಿಂದ? ನಮ್ಮ ಕಣ್ಣಿನಿಂದ. ಬಣ್ಣ ಗುರುತಿಸುವುದಕ್ಕೆ ಕಣ್ಣಿನ ಒಳಪದರದಲ್ಲಿ ಮೂರು ಬಗೆಯ ಕೋಶಗಳಿವೆ, ಹಳದಿಗೆ ಅಂತ ಬೇರೆ ಕೋಶ ಇಲ್ಲ. ಕೆಂಪಿಗೂ ಹಸಿರಿಗೂ ಸ್ಪಂದಿಸುವ ಕೋಶಗಳೆರಡೂ ಒಟ್ಟಿಗೆ ಎದ್ದರೆ ಮಿದುಳು ಅದನ್ನು ಹಳದಿ ಅಂತ ಓದುತ್ತದೆ. ಅಡುಗೆಮನೆಯ ಅರಿಶಿನ ನೋಡಿದಾಗಲೂ ಆಗುವುದು ಅದೇ, ಪರದೆ ನೋಡಿದಾಗಲೂ ಅದೇ. ಎರಡು ಬೇರೆ ಬೇರೆ ಬೆಳಕು, ಕಣ್ಣು ಕೊಡುವ ಉತ್ತರ ಒಂದೇ. ಇದನ್ನೇ ನಂಬಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನಲ್ಲಿ ಒಂದು ಬಣ್ಣದ ರಿಬ್ಬನ್ನಿನ ಮೂರು ಫೋಟೋಗಳನ್ನು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಒಂದರ ಮೇಲೊಂದು ಬಿಟ್ಟು ಬಣ್ಣದ ಚಿತ್ರ ತೋರಿಸಿದ. ಇವತ್ತಿನ ಫೋನು ಮಾಡುವುದೂ ಅದೇ ಕೆಲಸ.

ಕಾಗದ ಬೆಳಕನ್ನು ನುಂಗುತ್ತದೆ

ಈಗ ಅದೇ ಲೆನ್ಸನ್ನು ಇವತ್ತಿನ ಪೇಪರಿನ ಮೇಲೆ ಇಡಿ. ಮುಖಪುಟದ ಫೋಟೋ ಮೇಲೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಯಾರದೋ ಕೆನ್ನೆ ಅಂದುಕೊಂಡದ್ದು ಬರೀ ಚುಕ್ಕಿ. ಆಕಾಶ ನೀಲಿಯಂಥ ಸಯಾನ್, ರಾಣಿ ಬಣ್ಣದಂಥ ಮಜೆಂಟಾ, ಹಳದಿ, ಮತ್ತೆ ಕಪ್ಪು. ತಿಳಿ ಬಣ್ಣ ಇರುವಲ್ಲಿ ಚುಕ್ಕಿ ಸಣ್ಣದು, ಗಾಢ ಇರುವಲ್ಲಿ ದೊಡ್ಡದು. ಇಂಕು ಎಲ್ಲ ಕಡೆಯೂ ಒಂದೇ ಗಾಢ, ತೆಳು ಇಂಕು ಅಂತ ಬೇರೆ ಇರುವುದಿಲ್ಲ. ಚುಕ್ಕಿಯ ಗಾತ್ರದಲ್ಲೇ ಎಲ್ಲ ಆಟ. ಪುಟದ ಅಂಚಿನಲ್ಲಿ ಈ ನಾಲ್ಕೂ ಬಣ್ಣದ ಪುಟ್ಟ ಗುರುತುಗಳು ಸಾಲಾಗಿ ಇರುವುದನ್ನು ನೀವು ನೋಡಿರಬಹುದು, ಪ್ರೆಸ್‌ನವರು ಇಂಕು ನೋಡಿಕೊಳ್ಳುವುದಕ್ಕೆ ಹಾಕಿದ್ದು ಅವು.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನದೋ ಟ್ಯೂಬ್‌ಲೈಟಿನದೋ ಬಿಳಿ ಬೆಳಕು ಅದರ ಮೇಲೆ ಬೀಳಬೇಕು. ಪ್ರೆಸ್ಸಿನ ಇಂಕು ಗೋಡೆಯ ಪೇಂಟಿನ ಹಾಗೆ ಮುಚ್ಚಿಬಿಡುವುದಿಲ್ಲ, ಬಣ್ಣದ ಗಾಜಿನ ಹಾಗೆ ಪಾರದರ್ಶಕ. ಬೆಳಕು ಇಂಕಿನ ಮೂಲಕ ಇಳಿದು, ಕಾಗದಕ್ಕೆ ತಾಗಿ, ಮತ್ತೆ ಇಂಕಿನ ಮೂಲಕವೇ ಹೊರಗೆ ಬರುತ್ತದೆ. ಹೋಗಿ ಬರುವ ದಾರಿಯಲ್ಲಿ ಸಯಾನ್ ಕೆಂಪನ್ನು ನುಂಗುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ನುಂಗದೆ ಉಳಿದದ್ದು ನಮ್ಮ ಕಣ್ಣಿಗೆ. ಶಾಲೆಯಲ್ಲಿ ಕೆಂಪು, ಹಳದಿ, ನೀಲಿ ಮೂಲ ಬಣ್ಣ ಅಂತ ಕಲಿತಿದ್ದೆವು. ಪ್ರಿಂಟಿಂಗ್‌ನಲ್ಲಿ ಆ ಕೆಂಪಿನ ಜಾಗದಲ್ಲಿ ಮಜೆಂಟಾ, ನೀಲಿಯ ಜಾಗದಲ್ಲಿ ಸಯಾನ್ ಅಂತ ತಿದ್ದಿಕೊಂಡರೆ ಲೆಕ್ಕ ಕೂಡುತ್ತದೆ.

ಮತ್ತೆ ಬಾವುಟಕ್ಕೆ ಬನ್ನಿ, ಈ ಸಲ ಕಾಗದದ ಮೇಲೆ. ಹಳದಿ ಪಟ್ಟಿಗೆ ಹಳದಿ ಇಂಕು ಒಂದೇ ಸಾಕು. ಕೆಂಪು ಪಟ್ಟಿಗೆ ಎರಡು ಬೇಕು, ಹಳದಿ ಮತ್ತು ಅದರ ಮೇಲೆ ಮಜೆಂಟಾ. ಅಂದರೆ ಹಳದಿ ಇಂಕು ಬಾವುಟದ ತುಂಬಾ ಬೀಳುತ್ತದೆ, ಮಜೆಂಟಾ ಕೆಳಗಿನ ಅರ್ಧಕ್ಕೆ ಮಾತ್ರ. ಪರದೆಯಲ್ಲಿ ಎರಡು ದೀಪ ಬೇಕಾಗಿದ್ದ ಹಳದಿಗೆ ಇಲ್ಲಿ ಒಂದೇ ಇಂಕು, ಒಂದೇ ದೀಪ ಸಾಕಾಗಿದ್ದ ಕೆಂಪಿಗೆ ಇಲ್ಲಿ ಎರಡು ಇಂಕು. ಪರದೆಯಲ್ಲಿ ಬಣ್ಣ ಕೂಡಿಸಿದಷ್ಟೂ ಬೆಳಕು ಹೆಚ್ಚುತ್ತದೆ, ಕಾಗದದಲ್ಲಿ ಇಂಕು ಕೂಡಿಸಿದಷ್ಟೂ ಬೆಳಕು ಕಡಿಮೆಯಾಗುತ್ತದೆ. ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ದಿನ ಈ ಬಾವುಟವನ್ನೇ ಹೇಳುತ್ತೇನೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಹೋಗುತ್ತದೆ.

ಮೂರು ಇಂಕೂ ಸೇರಿದರೆ ಕಪ್ಪಾಗಬೇಕಲ್ವಾ? ಆಗುವುದಿಲ್ಲ. ಇಂಕುಗಳು ಅಷ್ಟು ಶುದ್ಧ ಇರುವುದಿಲ್ಲ, ಕೆಸರು ಕಂದು ಬರುತ್ತದೆ. ಅದಕ್ಕೇ ನಾಲ್ಕನೆಯದಾಗಿ ಕಪ್ಪನ್ನೇ ಬೇರೆ ಹಾಕುತ್ತಾರೆ. ನಾಲ್ಕೂ ಸೇರಿ ಸಿಎಂವೈಕೆ: ಸಿ ಸಯಾನ್, ಎಂ ಮಜೆಂಟಾ, ವೈ ಯೆಲ್ಲೋ ಅಂದರೆ ಹಳದಿ, ಕೆ ಕಪ್ಪು.

ಈಗ ಕೆಲಸ

ಫೈಲ್ ತೆರೆಯುವ ಮೊದಲೇ ಒಂದು ಪ್ರಶ್ನೆ ಕೇಳಿ: ಇದು ಕೊನೆಗೆ ಎಲ್ಲಿ ಕಾಣುತ್ತದೆ? ವಾಟ್ಸಾಪ್ ಸ್ಟೇಟಸ್‌ಗೆ, ಎಲ್‌ಇಡಿ ಪರದೆಗೆ ಅಂದರೆ ಆರ್‌ಜಿಬಿಯಲ್ಲೇ ಮಾಡಿ. ಆಫ್‌ಸೆಟ್ ಪ್ರೆಸ್‌ಗೆ ಹೋಗುವ ಪತ್ರಿಕೆ, ಹ್ಯಾಂಡ್‌ಬಿಲ್, ಕರಪತ್ರ ಆದರೆ ಮೊದಲಿಂದಲೇ ಸಿಎಂವೈಕೆ. ಇಲ್ಲಿ ಎರಡು ಜಾಗದಲ್ಲಿ ತುಂಬಾ ಜನ ತಪ್ಪುತ್ತಾರೆ. ಮನೆಯ ಇಂಕ್‌ಜೆಟ್ ಪ್ರಿಂಟರ್ ಒಳಗೆ ಇರುವುದು ಸಿಎಂವೈಕೆ ಇಂಕೇ ಆದರೂ ಅದರ ಸಾಫ್ಟ್‌ವೇರ್ ಕೇಳುವುದು ಆರ್‌ಜಿಬಿ ಫೈಲನ್ನು, ತಾನೇ ಬದಲಿಸಿಕೊಳ್ಳುತ್ತದೆ. ಹಾಗೇ ಸ್ಟುಡಿಯೋದವರು ಫೋಟೋ ಹಾಕಿಸುವ ಕಲರ್ ಲ್ಯಾಬ್‌ನಲ್ಲಿ ಕೆಂಪು, ಹಸಿರು, ನೀಲಿ ಬೆಳಕನ್ನೇ ಫೋಟೋ ಪೇಪರಿಗೆ ಬಿಡುತ್ತಾರೆ, ಅಲ್ಲಿಗೂ ಎಸ್‌ಆರ್‌ಜಿಬಿ (ಆರ್‌ಜಿಬಿಯಲ್ಲೇ ಎಲ್ಲರೂ ಬಳಸುವ ಸಾಮಾನ್ಯ ಬಗೆ) ಫೈಲೇ ಕೊಡಬೇಕು.

ಮುಂದೆ, ನಿಮ್ಮ ಪರದೆಯನ್ನು ದಾರಿಗೆ ತನ್ನಿ. ರಾತ್ರಿ ಕಣ್ಣಿಗೆ ಹಿತ ಅಂತ ಹಾಕಿಕೊಂಡ ನೈಟ್ ಲೈಟ್ ಆಫ್ ಮಾಡಿ, ಅದು ನೀಲಿ ಇಳಿಸಿ ಎಲ್ಲವನ್ನೂ ಹಳದಿಗೆ ಎಳೆಯುತ್ತದೆ. ಫೋನಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ವಿವಿಡ್ ಇದ್ದರೆ ನ್ಯಾಚುರಲ್ ಮಾಡಿ. ಬ್ರೈಟ್‌ನೆಸ್ ಎಷ್ಟಿರಬೇಕು ಅಂದರೆ, ಮಾನಿಟರಿನ ಪಕ್ಕ ಒಂದು ಬಿಳಿ ಹಾಳೆ ಹಿಡಿದು ನೋಡಿ, ಪರದೆಯ ಬಿಳಿ ಆ ಹಾಳೆಯ ಬಿಳಿಗಿಂತ ತೀರಾ ಜಾಸ್ತಿ ಹೊಳೆಯಬಾರದು. ಹೊಳೆದರೆ ನೀವು ಹಾಕುವ ಬಣ್ಣವೆಲ್ಲ ಪ್ರಿಂಟ್‌ನಲ್ಲಿ ಕಪ್ಪಾಗಿ ಬರುತ್ತದೆ. ನನ್ನ ಪ್ರಕಾರ ದೂರುಗಳಲ್ಲಿ ಜಾಸ್ತಿ ಪಾಲು ಹುಟ್ಟುವುದೇ ಇಲ್ಲಿ.

ಆಮೇಲೆ ಇಳಿಯದ ಬಣ್ಣಗಳನ್ನು ಮೊದಲೇ ಪತ್ತೆ ಮಾಡಿ. ಫೋಟೋಶಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ವೈ ಒಟ್ಟಿಗೆ ಒತ್ತಿದರೆ ಇಂಕಿಗೆ ಸಿಗದ ಬಣ್ಣಗಳ ಮೇಲೆ ಬೂದು ಮುಸುಕು ಬೀಳುತ್ತದೆ. ಗಿಳಿ ಹಸಿರು, ಹೊಳೆಯುವ ಕೇಸರಿ, ರಾಣಿ ಗುಲಾಬಿ, ಅಚ್ಚ ನೀಲಿ ಈ ಪಟ್ಟಿಯಲ್ಲಿ ಯಾವಾಗಲೂ ಇರುತ್ತವೆ. ಪರದೆಯ ಹಸಿರು ಒಂದು ಉರಿಯುವ ದೀಪ, ಕಾಗದದ ಹಸಿರು ಸಯಾನ್ ಮತ್ತು ಹಳದಿ ಎರಡೂ ನುಂಗಿ ಬಿಟ್ಟ ಮಿಕ್ಕ ಬೆಳಕು. ಎಷ್ಟೇ ಒಳ್ಳೆಯ ಮಶೀನ್ ಇದ್ದರೂ ಮಿಕ್ಕದ್ದು ದೀಪದಷ್ಟು ಹೊಳೆಯುವುದಿಲ್ಲ. ಗಿರಾಕಿಗೆ ಇದನ್ನು ಕೆಲಸ ಹಿಡಿಯುವಾಗಲೇ ಹೇಳಿಬಿಡಿ, ಪತ್ರಿಕೆ ಬಂದ ಮೇಲೆ ಹೇಳಿದರೆ ಅದು ನೆಪವಾಗುತ್ತದೆ.

ಹಸಿರಿಗೆ ನಾನು ಈಗ ಸಯಾನ್ 60, ಹಳದಿ 100 ಹಾಕುತ್ತೇನೆ (ಈ ಸಂಖ್ಯೆಗಳೆಲ್ಲ ಶೇಕಡಾ ಲೆಕ್ಕ, 100 ಅಂದರೆ ಆ ಇಂಕು ಪೂರ್ತಿ). ಮಜೆಂಟಾ, ಕಪ್ಪು ಎರಡೂ ಸೊನ್ನೆ. ಹಸಿರಿನ ಒಳಗೆ ಮಜೆಂಟಾ 10 ಬಂದರೂ ಸಾಕು, ಬಣ್ಣ ಮಂಕಾಗುತ್ತದೆ. ಕುಂಕುಮಕ್ಕೆ ಮಜೆಂಟಾ 100, ಹಳದಿ 100. ಭಂಡಾರದ ಹಳದಿ ಬೇಕಾದರೆ ಹಳದಿ 100ಕ್ಕೆ ಮಜೆಂಟಾ 15ರಿಂದ 20.

ನೀಲಿಯ ವಿಷಯ ಬೇರೆಯೇ ಹೇಳಬೇಕು. ಏಪ್ರಿಲ್ 14 ಹತ್ತಿರ ಬಂದಾಗ ಅಂಬೇಡ್ಕರ್ ಜಯಂತಿಯ ಬ್ಯಾನರ್ ಕೆಲಸ ಬರುತ್ತದೆ. ಪರದೆಯಲ್ಲಿ ಅಚ್ಚ ನೀಲಿ ಇಟ್ಟು ಹಾಗೇ ಕನ್ವರ್ಟ್ ಮಾಡಿದರೆ ಬ್ಯಾನರ್ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಯಾಕೆಂದರೆ ನೀಲಿ ಬರುವುದು ಸಯಾನ್ ಮತ್ತು ಮಜೆಂಟಾ ಸೇರಿ, ಮಜೆಂಟಾ ಸಯಾನ್‌ನ ಹತ್ತಿರ ಹತ್ತಿರ ಬಂತೆಂದರೆ ನೇರಳೆ. ಎರಡರ ನಡುವೆ ಕನಿಷ್ಠ 30 ಅಂತರ ಇಡಿ. ಸಯಾನ್ 100, ಮಜೆಂಟಾ 65 ಇಟ್ಟರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಜನ ಎತ್ತಿ ಹಿಡಿದು ನಡೆಯುವ ಬಣ್ಣ ಅದು, ತಪ್ಪಬಾರದು.

ಸಣ್ಣ ಅಕ್ಷರಕ್ಕೆ ಕಪ್ಪು ಅಂದರೆ ಕಪ್ಪು ಇಂಕು 100 ಮಾತ್ರ. ಆರ್‌ಜಿಬಿಯ ಕಪ್ಪನ್ನು ಕನ್ವರ್ಟ್ ಮಾಡಿದರೆ ಅದು ನಾಲ್ಕೂ ಇಂಕಿಗೆ ಹಂಚಿಹೋಗುತ್ತದೆ, ಒಂದೊಂದು ಇಂಕಿಗೂ ಬೇರೆ ಬೇರೆ ಅಚ್ಚಿನ ಪ್ಲೇಟ್ ಇರುತ್ತದೆ, ಆ ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆ ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ. ಕನ್ನಡದಲ್ಲಿ ಇದು ಇನ್ನೂ ಕಷ್ಟ, ನಮ್ಮ ಒತ್ತಕ್ಷರಗಳು ಸಣ್ಣವು, "ಶ್ರೀ" ಅನ್ನುವುದರ ಕೆಳಗಿನ ಸುತ್ತು ತುಂಬಿಕೊಂಡರೆ ಓದಲಾಗುವುದಿಲ್ಲ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಬಿಡುವಾಗಲೂ ಹಾಗೇ, ದಪ್ಪ ಫಾಂಟ್ ಹಾಕಿ, ಒಂದೆರಡು ಪಾಯಿಂಟ್ ದೊಡ್ಡದು ಮಾಡಿ. ದೊಡ್ಡ ಕಪ್ಪು ಹಿನ್ನೆಲೆ ಬೇಕಾದರೆ ಮಾತ್ರ ಬರೀ ಕಪ್ಪು ಸಾಲದು, ಬೂದಿಯಾಗಿ ಕಾಣುತ್ತದೆ. ಆಗ ಸಯಾನ್ 60, ಮಜೆಂಟಾ 40, ಹಳದಿ 40 ಕೆಳಗೆ ಹಾಸಿ ಮೇಲೆ ಕಪ್ಪು 100. ನಾಲ್ಕೂ ಕೂಡಿದರೆ 240 ಆಯಿತು. ಆರ್ಟ್ ಪೇಪರ್ 300ರ ತನಕ ತಡೆಯುತ್ತದೆ, ದಿನಪತ್ರಿಕೆಯ ಕಾಗದವಾದ ನ್ಯೂಸ್‌ಪ್ರಿಂಟ್‌ಗೆ 240ರ ಮೇಲೆ ಹೋಗಬೇಡಿ, ಒಣಗದೆ ಹಿಂದಿನ ಹಾಳೆಗೆ ಅಂಟುತ್ತದೆ.

ಇಷ್ಟೆಲ್ಲ ಮಾಡಿದರೂ ಬಣ್ಣವನ್ನು ಕೊನೆಗೆ ತೀರ್ಮಾನಿಸುವುದು ಕಾಗದ. ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಬಿಳಿ ಇಂಕು ಇರುವುದಿಲ್ಲ, ಡಿಸೈನಿನ ಬಿಳಿ ಅಂದರೆ ಅಚ್ಚಾಗದೆ ಉಳಿದ ಕಾಗದ. ಕಾಗದ ಕೆನೆ ಬಣ್ಣದ್ದಾದರೆ ನಿಮ್ಮ ಬಿಳಿಯೂ ಕೆನೆ, ನಿಮ್ಮ ಆಕಾಶ ನೀಲಿ ಒಂಚೂರು ಹಸಿರು. ಮೇಲ್ಮೈ ನುಣುಪಾದ ಆರ್ಟ್ ಪೇಪರ್ ಇಂಕನ್ನು ಮೇಲೆಯೇ ಇಟ್ಟುಕೊಳ್ಳುತ್ತದೆ. ಆ ನುಣುಪಿಲ್ಲದ ಸಾದಾ ಬಿಳಿ ಕಾಗದ, ಮ್ಯಾಪ್‌ಲಿತೋ, ಒಳಗೆ ಹೀರುತ್ತದೆ. ನ್ಯೂಸ್‌ಪ್ರಿಂಟ್ ಇನ್ನೂ ಜಾಸ್ತಿ ಹೀರಿ ಚುಕ್ಕಿಯನ್ನು ಹರಡಿಸಿಬಿಡುತ್ತದೆ, ಫೈಲಿನಲ್ಲಿ 50 ಇಟ್ಟ ಬೂದು ಪೇಪರಿನಲ್ಲಿ 70 ದಾಟಿ ಕಾಣುತ್ತದೆ. ಯಲಬುರ್ಗಾದ ಆ ಪತ್ರಿಕೆಯಲ್ಲಿ ನನ್ನ ಎರಡನೇ ತಪ್ಪು ಇದೇ ಆಗಿತ್ತು. ಕೈಕಾಗದದ ಥರದ ಒರಟು ಕಾರ್ಡು ಚಂದ ಅಂತ ನಾನೇ ಆರಿಸಿ ಕೊಟ್ಟಿದ್ದೆ, ಇದ್ದ ಅರ್ಧ ಹೊಳಪನ್ನೂ ಅದು ಕುಡಿದುಬಿಟ್ಟಿತು.

ಬಳ್ಳಾರಿಯ ಜೀನ್ಸ್ ಕೆಲಸದವರಿಗೆ ಈ ಮಾತು ಹೇಳಿಕೊಡಬೇಕಾಗಿಲ್ಲ. ಗಾಢ ನೀಲಿ ಬಟ್ಟೆಯ ಮೇಲೆ ಹಳದಿ ಬರಬೇಕಾದರೆ ಮೊದಲು ಬಿಳಿ ತಳ ಹಾಕಿ, ಅದರ ಮೇಲೆ ಬಣ್ಣ ಎಳೆಯುತ್ತಾರೆ. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಚೀಲದ ಕೆಲಸವೂ ಬೇರೆ ಥರ. ಅಲ್ಲಿ ನಾಲ್ಕು ಬಣ್ಣದ ಚುಕ್ಕಿ ಆಟಕ್ಕಿಂತ, ಬೇಕಾದ ಬಣ್ಣವನ್ನೇ ಡಬ್ಬಿಯಲ್ಲಿ ಕಲಸಿ, ಒಂದೊಂದಕ್ಕೆ ಒಂದೊಂದು ಪ್ಲೇಟ್ ಮಾಡಿ ಹೊಡೆಯುವುದೇ ಜಾಸ್ತಿ. ಚೀಲಕ್ಕೆ ಡಿಸೈನ್ ಮಾಡುವಾಗ ಬಣ್ಣ ಎರಡೋ ಮೂರೋ ಅಂತ ಮೊದಲೇ ಕೇಳಿ, ಒಂದಕ್ಕೊಂದು ಕರಗುವ ಶೇಡ್ ಹಾಕಬೇಡಿ. ಬಂಗಾರದ ಬಣ್ಣಕ್ಕೂ ಇದೇ ಉತ್ತರ. ನಾಲ್ಕು ಇಂಕಿನಿಂದ ಬಂಗಾರ ಬರುವುದಿಲ್ಲ, ಸಾಸಿವೆ ಬಣ್ಣ ಬರುತ್ತದೆ. ಪತ್ರಿಕೆಯ ಮೇಲಿನ ಗಣಪತಿ ಹೊಳೆಯಬೇಕಾದರೆ ಫಾಯಿಲ್ (ಹೊಳೆಯುವ ತೆಳು ಹಾಳೆ) ಒತ್ತಿಸಿ.

ಫೈಲ್ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಹೋದರೆ ಕುಗ್ಗಿಸಿಬಿಡುತ್ತದೆ. ಪತ್ರಿಕೆಗೆ ಚಿತ್ರ ಇಂಚಿಗೆ 300 ಪಿಕ್ಸೆಲ್ ಇರಲಿ. ದೂರದಿಂದ ನೋಡುವ ದೊಡ್ಡ ಬ್ಯಾನರ್‌ಗೆ 100 ಇದ್ದರೂ ನಡೆಯುತ್ತದೆ.

ಪ್ರೂಫ್ ನೋಡುವುದು ಎಲ್ಲಿ?

ಅಂಗಡಿಯ ಲೇಸರ್ ಪ್ರಿಂಟ್ ನೋಡಿ ಆಫ್‌ಸೆಟ್ ಬಣ್ಣಕ್ಕೆ ಹೂಂ ಅನ್ನಬೇಡಿ, ಅದರ ಪುಡಿ ಬೇರೆ, ಇದರ ಇಂಕು ಬೇರೆ. ಅಕ್ಷರ ತಪ್ಪು ನೋಡುವುದಕ್ಕೆ ಮಾತ್ರ ಅದು ಸಾಕು. ಬಣ್ಣ ಮುಖ್ಯ ಅನ್ನಿಸಿದರೆ ಪ್ರೆಸ್‌ನವರ ಹತ್ತಿರ ಅದೇ ಕಾಗದದ ಮೇಲೆ ಪ್ರೂಫ್ (ಮಾದರಿ ಪ್ರತಿ) ಕೇಳಿ, ಅಥವಾ ಮಶೀನ್ ಓಡುವ ಹೊತ್ತಿಗೆ ಹೋಗಿ ಮೊದಲ ಹಾಳೆಗಳನ್ನು ನೋಡಿ. ಆಗ ಇಂಕು ಜಾಸ್ತಿ ಕಡಿಮೆ ಮಾಡಿಕೊಡಬಹುದು, 500 ಮುಗಿದ ಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ. ಕೆಂಪಿನ ಅಂಚುಗಳನ್ನು ಲೆನ್ಸ್ ಇಟ್ಟು ನೋಡಿ. ಬಾವುಟದ ನಡುವಿನ ಗೆರೆ ಚೊಕ್ಕ ಬರುತ್ತದೆ, ಯಾಕೆಂದರೆ ಹಳದಿ ಎರಡೂ ಕಡೆ ಇದೆ. ತಪ್ಪು ಗೊತ್ತಾಗುವುದು ಕೆಂಪು ಪಟ್ಟಿಯ ಹೊರ ಅಂಚಿನಲ್ಲಿ. ಅಲ್ಲಿ ಒಂದು ಕಡೆ ರಾಣಿ ಬಣ್ಣದ ಎಳೆ, ಇನ್ನೊಂದು ಕಡೆ ಹಳದಿ ಎಳೆ ಕಂಡರೆ ಪ್ಲೇಟು ಸರಿದಿದೆ ಅಂತ ಲೆಕ್ಕ.

ಬೆಳಕೂ ಸರಿ ಇರಬೇಕು. ಒಂದು ಟ್ಯೂಬಿನ ಕೆಳಗೆ ಒಂದೇ ಥರ ಕಂಡ ಸೀರೆ ಮತ್ತು ಪತ್ರಿಕೆ ಹೊರಗೆ ತಂದರೆ ಬೇರೆ ಬೇರೆ ಕಾಣಬಹುದು, ಎರಡರ ಬಣ್ಣವೂ ಬೇರೆ ಬೇರೆ ಪದಾರ್ಥದಿಂದ ಆಗಿರುತ್ತದೆ. ದೊಡ್ಡ ಪ್ರೆಸ್‌ಗಳಲ್ಲಿ ಇದಕ್ಕೆ ಅಂತಲೇ 5000 ಕೆಲ್ವಿನ್ ದೀಪ, ಅಂದರೆ ಹಗಲಿನ ಬೆಳಕಿನಂಥ ದೀಪ ಇಡುತ್ತಾರೆ. ನಮಗೆ ಹಗಲು ಇದೆಯಲ್ಲ. ಮಧ್ಯಾಹ್ನದ ಸುಡು ಬಿಸಿಲು ಬೇಡ, ಬೆಳಗ್ಗೆ ಹತ್ತರ ಹೊತ್ತಿಗೆ ಅಂಗಡಿಯ ಬಾಗಿಲ ನೆರಳಿನಲ್ಲಿ ನಿಂತು ನೋಡಿ.

ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ, ನನಗೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಇದೇ. ನೀವು ದಿನಾ ಬಳಸುವ ಕಾಗದದ ಮೇಲೆ, ನೀವು ಕೆಲಸ ಕೊಡುವ ಪ್ರೆಸ್‌ನಲ್ಲೇ, ಜನ ಬಾಯಲ್ಲಿ ಹೇಳುವ ಬಣ್ಣಗಳ ಒಂದು ಹಾಳೆ ಹಾಕಿಸಿ. ಭಂಡಾರ, ಕುಂಕುಮ, ಗಿಳಿ ಹಸಿರು, ನವಿಲು, ಬದನೆ, ಇಟ್ಟಂಗಿ, ರಾಣಿ. ಒಂದೊಂದಕ್ಕೂ ಒಂದು ಚೌಕ, ಕೆಳಗೆ ಅದರ ಸಂಖ್ಯೆ. ಬೇರೆಯವರ ಕೆಲಸದ ಹಾಳೆಯಲ್ಲಿ ಅಂಚಿಗೆ ಜಾಗ ಉಳಿದಿದ್ದರೆ ಕೇಳಿ ಹಾಕಿಸಿಕೊಂಡರೆ ಖರ್ಚೂ ಕಡಿಮೆ. ಗಿರಾಕಿ ಬಂದಾಗ ಫೋನ್ ಪಕ್ಕಕ್ಕಿಟ್ಟು ಈ ಹಾಳೆ ಮುಂದಿಡಿ, ಬೆರಳಿಟ್ಟು ತೋರಿಸಲಿ. ಸೀರೆಯ ಒಂದು ತುಂಡೋ, ರವಿಕೆ ಬಟ್ಟೆಯೋ ಇದ್ದರೆ ತರಲು ಹೇಳಿ, ಹಾಳೆಯ ಮೇಲೆ ಇಟ್ಟು ಹೋಲಿಸಬಹುದು. ಹಾಳೆಯನ್ನು ಬಿಸಿಲು ಬೀಳುವ ಗೋಡೆಗೆ ಹಚ್ಚಬೇಡಿ, ಮಜೆಂಟಾ ಮತ್ತು ಹಳದಿ ಮೊದಲು ಹಾರಿಹೋಗುತ್ತವೆ. ಹಳೆಯ ಪೋಸ್ಟರ್‌ಗಳೆಲ್ಲ ನೀಲಿ ನೀಲಿಯಾಗಿ ಉಳಿಯುವುದು ಅದಕ್ಕೇ.

ನನ್ನ ಹಾಳೆಯಲ್ಲಿ ಗಿಳಿ ಹಸಿರಿಗೆ ಎರಡು ಚೌಕ ಇವೆ. ಎರಡೂ ಅದೇ 60, 100. ಒಂದನ್ನು ಬಿಳಿ ಕಾಗದದ ಮೇಲೆ ಹಾಗೇ ಬಿಟ್ಟಿದ್ದೇನೆ, ಇನ್ನೊಂದರ ಸುತ್ತ ಗಾಢ ಕುಂಕುಮದ ದಪ್ಪ ಅಂಚು ಕಟ್ಟಿದ್ದೇನೆ. ಕುಂಕುಮದ ನಡುವೆ ಇರುವ ಹಸಿರು ಕಣ್ಣಿಗೆ ಹೆಚ್ಚು ಹೊಳೆಯುತ್ತದೆ, ಇಂಕು ಒಂದು ಚುಕ್ಕಿಯೂ ಜಾಸ್ತಿ ಇಲ್ಲ. ಹಸಿರು ಕೇಳುವವರಿಗೆ ಎರಡನ್ನೂ ತೋರಿಸುತ್ತೇನೆ. ಇಲ್ಲಿಯ ತನಕ ಬಂದವರಲ್ಲಿ ಹೆಚ್ಚಿನವರು ಬೆರಳಿಟ್ಟದ್ದು ಅಂಚು ಕಟ್ಟಿದ ಚೌಕದ ಮೇಲೆಯೇ.